ಮೊಣಕಾಲಿನಿಂದ ಮೆದುಳಿನವರೆಗೆ

ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಅನ್ನೋದು ನಮ್ಮ ಹಳೇ ಗಾದೆ. ವಿಜ್ಞಾನಿಗಳು ಅಷ್ಟು ಕೆಳಗೆ ಹುಡುಕಲಿಲ್ಲ, ಪಾಪ. ತಕ್ಕಡಿ ಹಿಡಿದು ಸೀದಾ ತಲೆಗೇ ಕೈ ಹಾಕಿದರು.

19ನೇ ಶತಮಾನದಲ್ಲಿ ಪ್ಯಾರಿಸ್‌ನ ವೈದ್ಯ ಪಾಲ್ ಬ್ರೊಕಾ 292 ಗಂಡಸರ, 140 ಹೆಂಗಸರ ಮೆದುಳಿನ ತೂಕ ಲೆಕ್ಕ ಹಾಕಿದ. ಸರಾಸರಿ 1325 ಗ್ರಾಂ, 1144 ಗ್ರಾಂ. 181 ಗ್ರಾಂ ಖೋತಾ! ಹೆಂಗಸರ ಮೈಕಟ್ಟೇ ಚಿಕ್ಕದಲ್ವಾ? ಅದು ಅವನಿಗೂ ಗೊತ್ತಿತ್ತು. ಆದರೆ ಅವರಿಗೆ ಬುದ್ಧಿಯೂ ಸ್ವಲ್ಪ ಕಡಿಮೆ ಅನ್ನೋದನ್ನು ಮರೆಯಬಾರದು ಎಂದ. ಪುಸ್ತಕದ ಹಿಂದಿನ ಪುಟದಲ್ಲಿ ಉತ್ತರ ನೋಡಿಕೊಂಡು ಲೆಕ್ಕ ಬಿಡಿಸುವ ಹುಡುಗರಿರುತ್ತಾರಲ್ಲ, ಹಾಗೆ. ತೂಕವೇ ಬುದ್ಧಿಯಾದರೆ ಆನೆಯ ಮೆದುಳು ನಾಲ್ಕು ಕಿಲೋಗೂ ಜಾಸ್ತಿ. ಅದನ್ನು ಯಾರೂ ಪ್ರೊಫೆಸರ್ ಮಾಡಲಿಲ್ಲ.

ಜರ್ಮನಿಯ ಅಂಗರಚನಾ ವಿಜ್ಞಾನಿ ಬಿಷಾಫ್ ಇನ್ನೂ ಗಟ್ಟಿಗ. ಹೆಂಗಸರು ವೈದ್ಯಕೀಯ ಓದಲೇಬಾರದೆಂದು 1872ರಲ್ಲಿ ಪುಸ್ತಕವನ್ನೇ ಬರೆದ. ಮೆದುಳಿನ ತೂಕವೇ ಅವನ ಸಾಕ್ಷಿ. ಅವನು ಸತ್ತ ಮೇಲೆ ಅವನ ಮೆದುಳನ್ನೂ ತೂಗಿದರು. 1245 ಗ್ರಾಂ. ಗಂಡಸರ ಸರಾಸರಿ ಅಂತ ಅವನೇ ಹೇಳಿದ್ದಕ್ಕಿಂತ ನೂರು ಗ್ರಾಂಗೂ ಜಾಸ್ತಿ ಕೊರತೆ. ತಕ್ಕಡಿಗೆ ದಾಕ್ಷಿಣ್ಯ ಇರೋದಿಲ್ಲ.

ಈಗ ತಕ್ಕಡಿ ಹೋಗಿ ಸ್ಕ್ಯಾನ್ ಯಂತ್ರ ಬಂದಿದೆ. ಮೆದುಳಿನ ಯಾವ ಜಾಗ ಕೆಲಸ ಮಾಡುತ್ತಿದೆ ಅಂತ ಅದು ಚುಕ್ಕಿ ಹಾಕಿ ತೋರಿಸುತ್ತದೆ. ಕಪ್ಪು ಮೆದುಳಿನ ಮೇಲೆ ಕೆಂಪು ಚುಕ್ಕಿ ಹೊಳೆದರೆ ಸಾಕು, ಇಗೋ ಗಂಡು ಹೆಣ್ಣಿನ ವ್ಯತ್ಯಾಸ! 2009ರಲ್ಲಿ ಕೆಲವು ಸಂಶೋಧಕರು ಸತ್ತ ಸಾಲ್ಮನ್ ಮೀನನ್ನು ಅದೇ ಯಂತ್ರದಲ್ಲಿ ಮಲಗಿಸಿ, ಮನುಷ್ಯರ ಫೋಟೊ ತೋರಿಸಿ, ಇವರಿಗೆ ಏನನ್ನಿಸುತ್ತಿದೆ ಹೇಳು ಅಂದರು. ಅಂಕಿಅಂಶದ ಎಚ್ಚರಿಕೆಗಳನ್ನು ಬದಿಗಿಟ್ಟು ನೋಡಿದರೆ ಸತ್ತ ಮೀನಿನ ತಲೆಯಲ್ಲೂ ಚುಕ್ಕಿ ಹೊಳೆಯಿತು. ಆ ಮೀನು ಗಂಡೋ ಹೆಣ್ಣೋ ಅಂತ ಹಿಡಿದು ಹೊರಟರೆ ಇನ್ನೊಂದು ಕಾರ್ಯಾಗಾರ ಗ್ಯಾರಂಟಿ.

ಹೆಂಗಸರು ದಿನಕ್ಕೆ 20,000 ಪದ ಮಾತಾಡುತ್ತಾರೆ, ಗಂಡಸರು ಬರೀ 7,000 ಅಂತ ಕೇಳಿರುತ್ತೀರಿ. 2007ರಲ್ಲಿ 396 ವಿದ್ಯಾರ್ಥಿಗಳಿಗೆ ರೆಕಾರ್ಡರ್ ಕಟ್ಟಿ ಎಣಿಸಿದರು. ಇಬ್ಬರದೂ ಹೆಚ್ಚೂಕಮ್ಮಿ 16,000. ಆದರೂ ಹಳೇ ಸುದ್ದಿ ಸಾಯಲಿಲ್ಲ. ಅದನ್ನು ಹೇಳಿ ಹೇಳಿಯೇ ಗಂಡಸರ ಲೆಕ್ಕ ಏರಿರಬೇಕು.

ನಮ್ಮ ಆಫೀಸಿನಲ್ಲೂ ಈಚೆಗೆ ಗಂಡು ಹೆಣ್ಣಿನ ಮೆದುಳಿನ ಬಗ್ಗೆ ಒಂದು ತರಬೇತಿ ನಡೆಯಿತು. ಪರದೆಯ ಮೇಲೆ ಒಂದು ನೀಲಿ ಮೆದುಳು, ಒಂದು ಗುಲಾಬಿ ಮೆದುಳು. ಗುಲಾಬಿ ಮೆದುಳು ಒಟ್ಟಿಗೆ ನಾಲ್ಕು ಕೆಲಸ ಮಾಡುತ್ತದಂತೆ. ಹಾಗಾಗಿ ಸಭೆಯ ಟಿಪ್ಪಣಿ ಮಹಿಳೆಯರೇ ಬರೆದುಕೊಳ್ಳಲಿ ಎಂದರು ತರಬೇತುದಾರರು. ಬುದ್ಧಿ ಕಡಿಮೆ ಅಂತ ಆಗ ಕೆಲಸ ಕೊಡಲಿಲ್ಲ. ಜಾಸ್ತಿ ಅಂತ ಈಗ ಕೊಡುತ್ತಿದ್ದಾರೆ.

ಆಮೇಲೆ ನೀಲಿ ಮೆದುಳಿನ ಸರದಿ. ವಸ್ತುವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವುದರಲ್ಲಿ ಗಂಡಸರು ಮುಂದೆ ಎಂದರು. ಇದು ಸುಳ್ಳಲ್ಲ. ಆ ಪರೀಕ್ಷೆಯಲ್ಲಿ ಗಂಡಸರ ಸರಾಸರಿ ನಿಜವಾಗಿಯೂ ಜಾಸ್ತಿ. ಹಾಗಂತ ಸರಾಸರಿ ಯಾರ ಹೆಗಲ ಮೇಲೂ ಕೂತಿರುವುದಿಲ್ಲ. ಅಷ್ಟರಲ್ಲಿ ಪರದೆ ಆರಿಹೋಯಿತು. ಅವರು ಬಗ್ಗಿ ಕೇಬಲ್ಲಿನ ಪಿನ್ನನ್ನು ಲ್ಯಾಪ್‌ಟಾಪಿಗೆ ಚುಚ್ಚಿದರು. ಹೋಗಲಿಲ್ಲ. ಒತ್ತಿ ಚುಚ್ಚಿದರು. ಊದಿ ಇನ್ನೊಮ್ಮೆ ಚುಚ್ಚಿದರು. ಟಿಪ್ಪಣಿ ಬರೆಯುತ್ತಿದ್ದ ನಮ್ಮ ಸಹೋದ್ಯೋಗಿ ಪೆನ್ನು ಬಾಯಲ್ಲಿ ಕಚ್ಚಿಕೊಂಡೇ ಎದ್ದು ಬಂದರು. ಪಿನ್ನು ಮಗುಚಿ ಸಿಕ್ಕಿಸಿದರು. ಹೋಗಿ ಕೂತು ಅದನ್ನೂ ಬರೆದುಕೊಂಡರು.