ಧರ್ಮಕೇಂದ್ರದ ಚರಿತ್ರೆ ರಿಜಿಸ್ಟರಿನಲ್ಲಿದೆ

ಧರ್ಮಕೇಂದ್ರದ (ಕ್ಯಾಥೊಲಿಕ್ ಪ್ಯಾರಿಷ್) ಬೆಳ್ಳಿಹಬ್ಬಕ್ಕೋ ಸುವರ್ಣ ಮಹೋತ್ಸವಕ್ಕೋ ಸ್ಮರಣ ಸಂಚಿಕೆ ತರುವಾಗ ಮೊದಲಿಗೆ ಗುರುಗಳ (ಪಾದ್ರಿಗಳ) ಪಟ್ಟಿ, ಕೊನೆಗೆ ದಾನಿಗಳ ಪಟ್ಟಿ ಹಾಕಿ ಮುಗಿಸಬೇಡಿ. ಕಾವೇರಿ ದಡದ ಪುಟ್ಟ ಧರ್ಮಕೇಂದ್ರವನ್ನು ಕಟ್ಟಿದ ಜನ ಇರುವುದು ಜ್ಞಾನಸ್ನಾನ (ಬ್ಯಾಪ್ಟಿಸಂ), ಮದುವೆ, ಮರಣದ ರಿಜಿಸ್ಟರುಗಳಲ್ಲಿ.

ಕೊಡಗಿನ ವಿರಾಜಪೇಟೆಯ ಕಥೆ ಎಲ್ಲರಿಗೂ ಗೊತ್ತು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ಯಾಥೊಲಿಕರಿಗೆ ಅಲ್ಲಿನ ರಾಜ ದೊಡ್ಡವೀರರಾಜೇಂದ್ರ ನೆಲೆ ಕೊಟ್ಟ, 1792ರಲ್ಲಿ ಸಂತ ಅನ್ನಮ್ಮನವರ ದೇವಾಲಯದ ಆರಂಭವಾಯಿತು. ತೋಟದ ಲೈನ್ ಮನೆಗಳಿಂದ (ಕಾರ್ಮಿಕರ ಸಾಲುಮನೆಗಳಿಂದ) ಬೆಳೆದ ಸಮುದಾಯಕ್ಕೆ ಇಂಥ ರಾಜಾಶ್ರಯದ ಕಥೆ ಇರುವುದಿಲ್ಲ. 1850ರ ದಶಕದಿಂದ ಕಾಫಿ ತೋಟಗಳು ಹಬ್ಬಿದಂತೆ ತಮಿಳು ಸೀಮೆ, ಮಲಬಾರ್, ಮೈಸೂರು ಕಡೆಯಿಂದ ಕೆಲಸಕ್ಕೆ ಜನ ಬಂದರು. ಜಪ ಹೇಳಿಕೊಡಲು ಒಬ್ಬ ಉಪದೇಶಿ, ಯಾವಾಗಲೋ ಒಮ್ಮೆ ಪಾದ್ರಿಯ ಬಲಿಪೂಜೆ (ಮಾಸ್), ಆಮೇಲೆ ತಾಯಿ ಧರ್ಮಕೇಂದ್ರಕ್ಕೆ ಸೇರಿದ ಉಪಕೇಂದ್ರ.

ಎಡವುವುದು ಇಲ್ಲೇ. ಧರ್ಮಕೇಂದ್ರವನ್ನು ಸ್ಥಾಪಿಸುವ ಅಧಿಕಾರ ಬಿಷಪರಿಗೆ ಮಾತ್ರ, ಅದೂ ಗುರುಗಳ ಮಂಡಳಿಯ ಅಭಿಪ್ರಾಯ ಕೇಳಿದ ಮೇಲೆ. ಆ ಆಜ್ಞಾಪತ್ರದ ತಾರೀಖನ್ನೇ ಸಮುದಾಯದ ಹುಟ್ಟುದಿನ ಎಂದುಕೊಂಡರೆ ಅದಕ್ಕೂ ಹಿಂದಿನ ತಲೆಮಾರುಗಳೇ ಅಳಿಸಿಹೋಗುತ್ತವೆ. ಅವರ ದಾಖಲೆ ಹಳೆಯ ತಾಯಿ ಧರ್ಮಕೇಂದ್ರದ ಪುಸ್ತಕದಲ್ಲಿರುತ್ತದೆ. ಅಲ್ಲಿಗೇ ಹೋಗಿ ನೋಡಬೇಕು.

ನೋಡುವಾಗ ಹತ್ತು ಹತ್ತು ವರ್ಷದ ಕಂತು ಮಾಡಿಕೊಂಡು ಜ್ಞಾನಸ್ನಾನಗಳನ್ನು ಎಣಿಸಿ, ಜೊತೆಗೆ ವಾಸಸ್ಥಳ ಬರೆದುಕೊಳ್ಳಿ. ತೋಟದ ಹೆಸರು ಹೋಗಿ ಪೇಟೆಯ ಹೆಸರು ಹೆಚ್ಚುತ್ತಾ ಬಂದರೆ ಜನ ಲೈನ್ ಬಿಟ್ಟು ಪೇಟೆಗೆ ಬಂದಿದ್ದಾರೆಂದು ತಿಳಿಯಬಹುದು. ಜ್ಞಾನಸ್ನಾನದಲ್ಲಿ ಮಗುವಿಗೆ ಹೊಣೆಯಾಗಿ ನಿಲ್ಲುವ ಜ್ಞಾನತಂದೆ, ಜ್ಞಾನತಾಯಿ ಯಾರೆಂದು ನೋಡಿದರೆ ಯಾವ ಮನೆಗೆ ಯಾವ ಮನೆ ಹತ್ತಿರ ಎಂಬುದೂ ಕಾಣುತ್ತದೆ. ಚೊಚ್ಚಲ ಮಗುವಿನ ಹೆಸರು ಸಿಗದಿದ್ದರೆ ತಾಯಿಯ ತವರಿನ ರಿಜಿಸ್ಟರು ಹುಡುಕಿ. ಒಂದೇ ಹೆಸರು ಮೂರು ಕಾಗುಣಿತದಲ್ಲಿದ್ದರೆ ತಿದ್ದದೆ ಇದ್ದಂತೆಯೇ ನಕಲು ಮಾಡಿ. ಅಚ್ಚಿಗೆ ಹೋಗುವ ಮುನ್ನ ಮನೆಯವರ ಒಪ್ಪಿಗೆ ಕೇಳುವುದು ನ್ಯಾಯ.

2018, 2019ರ ಆಗಸ್ಟ್ ಪ್ರವಾಹದಲ್ಲಿ ಹೊಳೆ ಎಲ್ಲಿಯವರೆಗೆ ಬಂತೆಂದು ಕಂಡವರು ನಾವು. ರಿಜಿಸ್ಟರು ಕೆಳಗಿನ ಕೋಣೆಯಲ್ಲಿರಲೇ ಕೂಡದು. ಗೋಡೆಗೆ ಒತ್ತದಂತೆ, ನೆಲದಿಂದ ಎತ್ತರಿಸಿದ ಕಬ್ಬಿಣದ ಬೀರು ಸಾಕು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ಮಳೆಗಾಲದ ತೇವ ಒಳಗೇ ನಿಂತು ಬೂಷ್ಟು ಹಿಡಿಯುತ್ತದೆ. ಜನವರಿ, ಫೆಬ್ರವರಿಯ ಒಣ ದಿನಗಳಲ್ಲಿ ಪ್ರತಿ ಪುಟದ ಫೋಟೊ ತೆಗೆದು ಎರಡು ಬೇರೆ ಊರುಗಳಲ್ಲಿಡಿ. ಒದ್ದೆಯಾದದ್ದನ್ನು ಬಿಸಿಲಿಗಿಡಬೇಡಿ, ಅಂಟಿದ ಹಾಳೆಗಳನ್ನು ಎಳೆಯಬೇಡಿ. ಬಿಡಿಸಲು ಬರುವ ಹಾಳೆಗಳ ನಡುವೆ ಹೀರುಕಾಗದ ಇಟ್ಟು ಆಗಾಗ ಬದಲಿಸುತ್ತಾ ಫ್ಯಾನಿನಡಿ ಆರಿಸಿ. ಎರಡು ದಿನದೊಳಗೆ ಒಣಗದು ಅನ್ನಿಸಿದರೆ ಫ್ರೀಜರಿನಲ್ಲಿಟ್ಟು, ಬಲ್ಲವರಿಗೆ ಒಪ್ಪಿಸಿ.