ಆವರೇಜ್ ಎಷ್ಟು ಬಂತು ಅಂತ ಕೇಳ್ಬೇಡಿ

ಭಾನುವಾರ ಬೆಳಗ್ಗೆ ಸೈಕಲ್ ತಗೊಂಡು ಹೊರಟು ಮೂರು ಗಂಟೆ ಬಿಟ್ಟು ಮನೆಗೆ ಬಂದೆ, ತುಳಿದಿದ್ದು ಒಟ್ಟು 22 ಕಿಲೋಮೀಟರ್. ಸೈಕಲ್ ಗೆಳೆಯರ ಹತ್ರ ಹೇಳಿದ್ರೆ ಮೊದಲ ಪ್ರಶ್ನೆನೇ "ಆವರೇಜ್ ಎಷ್ಟು ಬಂತು?", ಅಂದ್ರೆ ಗಂಟೆಗೆ ಸರಾಸರಿ ಎಷ್ಟು ಕಿಲೋಮೀಟರ್ ಹೊಡೆದೆ ಅಂತ. ಏನ್ ನೋಡ್ದೆ, ಯಾವ ಕಡೆ ಹೋಗಿದ್ದೆ ಅಂತ ಯಾರೂ ಕೇಳಲ್ಲ. ಇದು ನನಗೆ ನಿಜವಾಗ್ಲೂ ಬೇಜಾರಾಗುತ್ತೆ, ಯಾಕಂದ್ರೆ ಆಸೆಪಟ್ಟು ಸೈಕಲ್ ತಗೊಂಡ ಎಷ್ಟೋ ಜನ ಈ ಒಂದು ನಂಬರಿಗೆ ಹೆದರಿ, ನನ್ ಕೈಲಾಗಲ್ಲ ಅಂತ ಅದನ್ನ ಮೂಲೆಗೆ ಒರಗಿಸಿಬಿಡ್ತಾರೆ.

ಗಾಳಿ ಸೀಳ್ಕೊಂಡು ಹೋಗೋಕೆ ಬೇಕಾಗೋ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತೆ, ಅಂದ್ರೆ ಗಂಟೆಗೆ 15 ಕಿಲೋಮೀಟರ್ ಹೋಗ್ತಿದ್ದೋರು 30ಕ್ಕೆ ಏರಿಸಿದ್ರೆ ಗಾಳಿಗಂತಲೇ 8 ಪಟ್ಟು ಶಕ್ತಿ ಸುರಿಬೇಕು. ಆಗ ಕಣ್ಣು ರಸ್ತೆ ಮೇಲೆ, ಕಿವಿ ತುಂಬ ಗಾಳಿ ಸದ್ದು, ಅಷ್ಟೇ. 15ರಲ್ಲಿ ಹೋಗ್ತಿದ್ರೆ ಪಕ್ಕದೋರ ಜೊತೆ ಮಾತಾಡ್ಬಹುದು, ಇದ್ಯಾವ ಗಲ್ಲಿ ನಾನು ನೋಡೇ ಇಲ್ವಲ್ಲ ಅಂತ ಹ್ಯಾಂಡಲ್ ತಿರುಗಿಸ್ಬಹುದು.

ನಾನು ಮೊನ್ನೆ ಮಾಡಿದ್ದೂ ಅದೇ. ವರ್ಷಗಟ್ಟಲೆ ಗಾಡೀಲಿ ಓಡಾಡಿ ಸಮತಟ್ಟು ಅನ್ಕೊಂಡಿದ್ದ ರಸ್ತೆ ಸಣ್ಣಗೆ ಇಳಿಜಾರಾಗಿದೆ ಅನ್ನೋದು ಸೈಕಲ್ ಮೇಲೆ ಮಾತ್ರ ಗೊತ್ತಾಗುತ್ತೆ, ಪೆಡಲ್ ತುಳಿಯೋದು ನಿಲ್ಸಿದ್ರೂ ಅದು ತಾನಾಗೇ ಹೋಗ್ತಾ ಇರುತ್ತೆ. ಸರಿ, ಮಳೆ ನೀರು ಎತ್ತ ಹರಿಯುತ್ತೋ ಅತ್ತಲೇ ಹೋಗೋಣ ಅಂತ ಪ್ರತಿ ತಿರುವಲ್ಲೂ ಇಳಿಜಾರು ಇದ್ದ ಕಡೆಗೇ ತಿರುಗ್ಸಿದೆ. ನಿಂತಿರೋ ಕಾರುಗಳ ಸಾಲು ಸಿಕ್ಕಾಗ ಮಾತ್ರ ಒಂದು ಬಾಗಿಲು ತೆಗೆಯೋವಷ್ಟು ಜಾಗ ಬಿಟ್ಟು ದೂರ ಹೋಗ್ತೀನಿ, ನಿಧಾನ ಹೋದ್ರೂ ಇದರಲ್ಲಿ ರಾಜಿ ಇಲ್ಲ. ಹಾಗೇ ಇಳೀತಾ ಇಳೀತಾ ಕೊನೇ ಮನೆ ಸಾಲು ದಾಟಿದ್ರೆ ಒಂದು ತೊರೆ, ಅದರ ದಂಡೆಗುಂಟ ಮಣ್ಣಿನ ಕಾಲ್ದಾರಿ! ಇಷ್ಟು ಹತ್ರ ಇತ್ತು, ನನಗೆ ಗೊತ್ತೇ ಇರ್ಲಿಲ್ಲ.

ಟಾರು ಮುಗಿದು ಮಣ್ಣು ಶುರುವಾಗೋ ಆ ಜಾಗ ನನಗೆ ತುಂಬ ಇಷ್ಟ. ಟೈರಿನ ಗುಂಯ್ ಅನ್ನೋ ಸದ್ದು ನಿಂತು ಚರಚರ ಅಂತ ಶುರುವಾಗುತ್ತೆ, ಹ್ಯಾಂಡಲ್ ಅಂಗೈಯಲ್ಲಿ ನಡುಗುತ್ತೆ. ಅಲ್ಲೇ ಇಳಿದು ಉಗುರಲ್ಲಿ ವಾಲ್ವ್ ಒತ್ತಿ ಸ್ವಲ್ಪ ಗಾಳಿ ಬಿಟ್ಟೆ, ನಂದು 40 ಮಿಲಿಮೀಟರ್ ಟೈರು, ರಸ್ತೇಲಿ 50 ಪಿಎಸ್‌ಐ (ಟೈರಿನ ಗಾಳಿ ಒತ್ತಡದ ಅಳತೆ) ಇಟ್ಟಿರ್ತೀನಿ, ಮಣ್ಣಿಗೆ 35ರ ಹತ್ರ ಸಾಕು. ತುಂಬಾ ಇಳಿಸಿದ್ರೆ ಟ್ಯೂಬು ಕಲ್ಲಿಗೂ ರಿಮ್ಮಿಗೂ ಮಧ್ಯೆ ಸಿಕ್ಕಿ ಹಾವು ಕಚ್ಚಿದ ಹಾಗೆ ಜೋಡಿ ತೂತು ಬೀಳುತ್ತೆ, ಅದು ನನಗೂ ಆಗಿದೆ, ಹಾಗಾಗಿ ಕೈಪಂಪ್ ಯಾವಾಗ್ಲೂ ಬ್ಯಾಗಲ್ಲಿರುತ್ತೆ. ಈ ಗಾಳಿ ಟೈರಿನ ಕಥೆನೂ ಚೆನ್ನಾಗಿದೆ, ಜಾನ್ ಬಾಯ್ಡ್ ಡನ್‌ಲಪ್ ಅನ್ನೋ ಪಶುವೈದ್ಯರು ತಮ್ಮ ಮಗನ ಮೂರು ಗಾಲಿ ಸೈಕಲ್ಲು ಕುಲುಕಬಾರದು ಅಂತ ಮಾಡಿ 1888ರಲ್ಲಿ ಪೇಟೆಂಟ್ ತಗೊಂಡಿದ್ದು. ರೇಸ್ ಗೆಲ್ಲೋಕೆ ಅಂತ ಅಲ್ಲ, ಒಂದು ಮಗು ಆರಾಮಾಗಿ ಸೈಕಲ್ ಹೊಡೀಲಿ ಅಂತ!

ಕಾಲ್ದಾರೀಲಿ ಎರಡೂ ಪೆಡಲ್ ಸಮಕ್ಕೆ ಇಟ್ಕೊಂಡು ಸೀಟಿಂದ ಸ್ವಲ್ಪ ಎದ್ದು, ಮೊಣಕೈ ಸಡಿಲ ಬಿಟ್ರೆ ಸೈಕಲ್ ತಾನೇ ದಾರಿ ಹುಡ್ಕೊಳ್ಳುತ್ತೆ. ಸಡಿಲ ಜಲ್ಲಿ ಮೇಲೆ ತಿರುಗ್ತಾ ಮುಂದಿನ ಬ್ರೇಕ್ ಮಾತ್ರ ಗಟ್ಟಿಯಾಗಿ ಹಿಡೀಬೇಡಿ, ಚಕ್ರ ಜಾರಿದ್ರೆ ಸೀದಾ ನೆಲಕ್ಕೆ. ನಡ್ಕೊಂಡು ಬರೋರು ಸಿಕ್ಕಿದ್ರೆ ದೂರದಿಂದಲೇ ಬೆಲ್ ಮಾಡಿ ನಿಲ್ಲಿ, ಅದು ಮೊದಲು ಅವರ ದಾರಿ.

ಅರ್ಧ ದಾರೀಲಿ ಒಂದು ಮಿಂಚುಳ್ಳಿ ಕೊಂಬೆ ಮೇಲೆ ಕೂತಿತ್ತು. ಕಾಲು ಊರಿ ನಿಂತೆ. ಅದು ನೀರಿಗೆ ಬಿದ್ದು, ಮೀನು ಕಚ್ಕೊಂಡು ಮತ್ತೆ ಅದೇ ಕೊಂಬೆಗೆ ಬಂದು, ಮೀನನ್ನ ಟಪಟಪ ಅಂತ ಬಡಿದು ನುಂಗೋವರೆಗೂ ನಿಂತಿದ್ದೆ. ಫೋನಲ್ಲಿ ವೇಗ ಲೆಕ್ಕ ಹಾಕೋ ಆ್ಯಪ್ ಆನ್ ಇದ್ದಿದ್ರೆ ಅಷ್ಟು ಹೊತ್ತು ನಿಲ್ತಿದ್ನಾ? ಖಂಡಿತ ಇಲ್ಲ, ನನಗೆ ನನ್ನ ಬಗ್ಗೆ ಗೊತ್ತು.

ತೊರೆ ಕವಲೊಡೆಯೋ ಕಡೆ ದಾರಿನೂ ಎರಡಾಗುತ್ತೆ. ನಾನು ಬಲಕ್ಕೆ ಹೋಗಿ ವಾಪಸ್ ರಸ್ತೆ ಸೇರ್ಕೊಂಡೆ, ಎಡಗಡೆದು ಇನ್ನೂ ನೋಡಿಲ್ಲ. ಈ ಭಾನುವಾರ ಅಲ್ಲಿಗೇ ಹೋಗೋದು, ಜೊತೆಗೆ ಬರೋರಿದ್ರೆ ಬನ್ನಿ, ಗೇರ್ ಇಲ್ಲದ ಹಳೇ ಸೈಕಲ್ ಆದ್ರೂ ಸರಿ, ಟೈರಲ್ಲಿ ಗಾಳಿ, ಎರಡೂ ಬ್ರೇಕ್ ಸರಿ ಇದ್ರೆ ಆಯ್ತು.