ಜೋ ಗೇಟ್ಜೆನ್ಸ್ ಹೊಡೆದದ್ದು ಅದೃಷ್ಟದ ಗೋಲಲ್ಲ

ಜೂನ್ 29 ಬಂತೆಂದರೆ ಸಾಕು, "ಪಾತ್ರೆ ತೊಳೆಯುವವನೊಬ್ಬ ಇಂಗ್ಲೆಂಡನ್ನು ಸೋಲಿಸಿದ" ಅನ್ನುವ ಕತೆ ಮತ್ತೆ ಓಡಾಡತೊಡಗುತ್ತದೆ. 1950ರ ವಿಶ್ವಕಪ್, ಬ್ರೆಜಿಲ್‌ನ ಬೆಲೊ ಹೊರಿಜಾಂಟೆ, ಅಮೆರಿಕ 1, ಇಂಗ್ಲೆಂಡ್ 0. ಆ ಒಂದು ಗೋಲು ಜೋ ಗೇಟ್ಜೆನ್ಸ್‌ನದು. ಅವನು ಪಾತ್ರೆ ತೊಳೆಯುತ್ತಿದ್ದದ್ದು ನಿಜ. ಆದರೆ ಚೆಂಡು ಸುಮ್ಮನೆ ತಲೆಗೆ ಬಡಿದು ಒಳಗೆ ಹೋಯಿತು ಅನ್ನುತ್ತಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಒಪ್ಪಿದರೆ ಒಬ್ಬ ಪಳಗಿದ, ಗೋಲು ಹೊಡೆಯುವುದೇ ಕೆಲಸವಾದ ಸೆಂಟರ್ ಫಾರ್ವರ್ಡ್‌ನ ಹತ್ತು ವರ್ಷದ ಆಟವನ್ನೇ ಅಳಿಸಿಹಾಕಿದ ಹಾಗೆ.

ಜೋ ಹುಟ್ಟಿದ್ದು 1924ರ ಮಾರ್ಚ್ 19ರಂದು, ಹೈಟಿಯ ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನಲ್ಲಿ. ಹದಿಹರೆಯದಲ್ಲೇ ಎತ್ವಾಲ್ ಹೈತಿಯೆನ್ ಕ್ಲಬ್ ಸೇರಿದ. 1942ರಲ್ಲೂ 1944ರಲ್ಲೂ ಆ ಕ್ಲಬ್ ದೇಶದ ಲೀಗ್ ಗೆದ್ದಾಗ ತಂಡದಲ್ಲಿದ್ದ. ಆದರೆ ಅಲ್ಲಿ ಫುಟ್‌ಬಾಲ್ ನಂಬಿ ಬದುಕುವಂತಿರಲಿಲ್ಲ. 1947ರಲ್ಲಿ ಹೈಟಿ ಸರ್ಕಾರದ ವಿದ್ಯಾರ್ಥಿವೇತನ ಪಡೆದು, ಅಕೌಂಟಿಂಗ್ ಓದಲು ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬಂದ. ಕೈಖರ್ಚಿಗೆಂದು ಹಾರ್ಲೆಮ್‌ನ ಹೋಟೆಲೊಂದರಲ್ಲಿ ಪಾತ್ರೆ ತೊಳೆಯಲು ನಿಂತ. ಆ ಹೋಟೆಲಿನ ಮಾಲೀಕರೇ ಬ್ರೂಕ್‌ಹ್ಯಾಟನ್ ಅನ್ನುವ ಫುಟ್‌ಬಾಲ್ ಕ್ಲಬ್ಬಿಗೂ ಮಾಲೀಕರು. ವಾರವಿಡೀ ಓದು ಮತ್ತು ಕೆಲಸ, ಭಾನುವಾರ ಆಟ.

ಬ್ರೂಕ್‌ಹ್ಯಾಟನ್ ಆಡುತ್ತಿದ್ದದ್ದು ಅಮೆರಿಕನ್ ಸಾಕರ್ ಲೀಗಿನಲ್ಲಿ. ಅಮೆರಿಕದ ಪೂರ್ವ ಕರಾವಳಿಯ ಊರುಗಳಲ್ಲಿ ವಲಸೆ ಬಂದವರು, ಅವರ ಮಕ್ಕಳು ಕಟ್ಟಿ ನಿಲ್ಲಿಸಿದ ಲೀಗ್ ಅದು. ಹಗುರವಾಗಿ ಕಾಣಬೇಡಿ. ಅಲ್ಲಿ 1949-50ರ ಋತುವಿನಲ್ಲಿ ಜೋ 15 ಪಂದ್ಯಗಳಲ್ಲಿ 18 ಗೋಲು ಹೊಡೆದ. ಇಡೀ ಲೀಗಿಗೆ ಅವನದೇ ಅತಿ ಹೆಚ್ಚು. ವಿಶ್ವಕಪ್ ತಂಡಕ್ಕೆ ಅವನನ್ನು ಆರಿಸಿದ್ದು ಈ ಲೆಕ್ಕ ನೋಡಿಯೇ ಹೊರತು ದಯೆಯಿಂದಲ್ಲ.

ಆಗಿನ ಆಟದ ಕಟ್ಟುಪಾಡು ಗೊತ್ತಿದ್ದರೆ ಈ 18ರ ತೂಕ ತಿಳಿಯುತ್ತದೆ. ತಂಡಗಳು ಹೆಚ್ಚಾಗಿ ಡಬ್ಲ್ಯೂ-ಎಂ ರಚನೆಯಲ್ಲಿ, ಅಂದರೆ ಆಟಗಾರರು W ಮತ್ತು M ಅಕ್ಷರಗಳ ಆಕಾರದಲ್ಲಿ ನಿಂತು, ಆಡುತ್ತಿದ್ದ ಕಾಲ. ನಡುವಿನ ಆಟಗಾರನಾದ ಸೆಂಟರ್ ಹಾಫ್ ಹಿಂದೆ ಸರಿದು 'ಸ್ಟಾಪರ್' ಆಗಿ ನಿಲ್ಲುತ್ತಿದ್ದ, ಅವನಿಗೆ ಒಂದೇ ಕೆಲಸ: ಎದುರಾಳಿ ಸೆಂಟರ್ ಫಾರ್ವರ್ಡ್‌ನ ಬೆನ್ನು ಬಿಡದಿರುವುದು. ಹಾಗೆ ಅಂಟಿಕೊಂಡವನಿಂದ ಒಂದು ಹೆಜ್ಜೆ ಕದಿಯಲು ಬಾರದಿದ್ದರೆ ಫಾರ್ವರ್ಡ್‌ಗೆ ಚೆಂಡೇ ಸಿಗದು. ಜೋ ಹೆಸರು ಮಾಡಿದ್ದು ಈ ಕಳ್ಳಹೆಜ್ಜೆಯಲ್ಲಿ. ನಾಜೂಕಿನ ಡ್ರಿಬಲ್ ಆಟಗಾರನಲ್ಲ. ಗೋಲಿನ ಮುಂದಿನ ಬಾಕ್ಸಿನೊಳಗೆ ಚೆಂಡು ಎಲ್ಲಿಗೆ ಬರುತ್ತದೋ ಅಲ್ಲಿಗೆ ಮೈಯೆಸೆದು ಮುಟ್ಟುವವನು.

ಈಗ ಆ ಗೋಲಿಗೆ ಬರೋಣ. 38ನೇ ನಿಮಿಷ. ಬಲಗಡೆಯಿಂದ ಅಮೆರಿಕದ ಮೆಕ್‌ಇಲ್ವೆನ್ನಿ ಥ್ರೋ-ಇನ್ ಎಸೆದ, ವಾಲ್ಟರ್ ಬಾರ್ ಮುಂದೆ ಬಂದು ಸುಮಾರು 25 ಗಜದಿಂದ ಷಾಟ್ ಹೊಡೆದ. ಇಂಗ್ಲೆಂಡಿನ ಗೋಲ್‌ಕೀಪರ್ ಬರ್ಟ್ ವಿಲಿಯಮ್ಸ್ ಅದನ್ನು ಹಿಡಿಯಲು ತನ್ನ ಬಲಕ್ಕೆ ಸರಿದ. ಜೋ ಅಡ್ಡ ಹಾರಿ ತಲೆ ಸೋಕಿಸಿದ. ಚೆಂಡು ಕೀಪರ್‌ನ ಎಡಕ್ಕೆ ತಿರುಗಿ ಬಲೆ ಸೇರಿತು.

ಸ್ವಲ್ಪ ಲೆಕ್ಕ ಹಾಕಿ ನೋಡಿ. 25 ಗಜ ಎಂದರೆ ಹತ್ತಿರಹತ್ತಿರ 23 ಮೀಟರ್. ಷಾಟಿನ ವೇಗ ಗಂಟೆಗೆ 80 ಕಿಲೋಮೀಟರ್ ಅಂದುಕೊಂಡರೆ ಚೆಂಡು ಗೋಲು ಮುಟ್ಟಲು ಒಂದು ಸೆಕೆಂಡು, ಅದಕ್ಕಿಂತ ಚೂರು ಹೆಚ್ಚು. ಪೆನಾಲ್ಟಿ ಚುಕ್ಕಿಯ ಹತ್ತಿರ, ಅಂದರೆ ಗೋಲಿನಿಂದ 11 ಮೀಟರ್ ದೂರದಲ್ಲಿ, ಚೆಂಡಿನ ದಾರಿಯನ್ನು ಬರೀ 10 ಡಿಗ್ರಿ ತಿರುಗಿಸಿದರೆ ಗೋಲುಗೆರೆಯ ಹೊತ್ತಿಗೆ ಅದು ಸುಮಾರು 1.9 ಮೀಟರ್ ಪಕ್ಕಕ್ಕೆ ಹೋಗಿರುತ್ತದೆ. ಗೋಲಿನ ಅಗಲವೇ 7.32 ಮೀಟರ್. ಕೀಪರ್‌ಗೆ ಉಳಿಯುವುದು ಅರ್ಧ ಸೆಕೆಂಡು, ಅಷ್ಟರಲ್ಲಿ ಮೈಭಾರವೆಲ್ಲ ಆಗಲೇ ಬಲಗಾಲಿನ ಮೇಲೆ. ಅದನ್ನು ತಡೆದು, ಎಡಕ್ಕೆ ಎಳೆದು, ಹಾರಬೇಕು. ಆಗದ ಮಾತು.

ಇಂಥ ಹೆಡರಿಗೆ ಬಲ ಬೇಕಿಲ್ಲ, ವೇಗವನ್ನು ಚೆಂಡೇ ತಂದಿರುತ್ತದೆ. ಬೇಕಾದದ್ದು ಬಿಗಿಹಿಡಿದ ಕುತ್ತಿಗೆ, ತೆರೆದ ಕಣ್ಣು, ಹಣೆಯ ಬದಿ. ನೆತ್ತಿಗೆ ತಗುಲಿದರೆ ಚೆಂಡು ಅಡ್ಡಪಟ್ಟಿಯ ಮೇಲಿಂದ ಹಾರಿಹೋಗುತ್ತದೆ. ಕುತ್ತಿಗೆ ಸಡಿಲವಾಗಿದ್ದರೆ ತಲೆಯೇ ಹಿಂದಕ್ಕೆ ಹೋಗಿ ಚೆಂಡು ಸತ್ತು ಬೀಳುತ್ತದೆ. ಬೇಗ ಹಾರಿದರೆ ಚೆಂಡು ಹಿಂದೆ ಉಳಿಯುತ್ತದೆ, ತಡವಾದರೆ ಮುಂದೆ ಹೋಗಿರುತ್ತದೆ. ಚೆಂಡೂ ಹಗುರವಾದದ್ದಲ್ಲ, ನಿಯಮದ ಪ್ರಕಾರ 14ರಿಂದ 16 ಔನ್ಸ್, ಅಂದರೆ 396ರಿಂದ 453 ಗ್ರಾಂ ತೂಕದ ಚರ್ಮದ ಚೆಂಡು. ಒಂದು ಅನುಕೂಲವಿತ್ತು: ಆ ವಿಶ್ವಕಪ್‌ನ 'ಸೂಪರ್‌ಬಾಲ್ ಡುಪ್ಲೋ ಟಿ' ಚೆಂಡಿಗೆ ಹೊರಗೆ ಲೇಸ್ ಇರಲಿಲ್ಲ. ಲೇಸಿನ ಹಳೆಯ ಚೆಂಡಿಗೆ ಹಣೆ ಕೊಟ್ಟು ಚರ್ಮ ಕಿತ್ತುಕೊಂಡವರಿಗೆ ಅದರ ಬೆಲೆ ಗೊತ್ತು.

ತಾಗಿ ಹೋದದ್ದು ಅನ್ನುವವರಿಗೆ ನನ್ನ ಪ್ರಶ್ನೆ ಒಂದೇ. ನಿಂತವನಿಗೆ ಚೆಂಡು ತಾಗಬಹುದು, ಓಡುವವನಿಗೂ ತಾಗಬಹುದು. ಉದ್ದಕ್ಕೆ ಮೈಚೆಲ್ಲಿ ಹಾರಿದವನು ಚೆಂಡು ಮುಟ್ಟಲೆಂದಲ್ಲದೆ ಮತ್ತೇಕೆ ಹಾರಿದ? ಇಂಥದ್ದೇ ಮೂಲೆ ಎಂದು ಗುರಿಯಿಟ್ಟನೋ ಅಂದರೆ, ಅಷ್ಟು ಹೊತ್ತು ಯಾರಿಗೂ ಇರುವುದಿಲ್ಲ. ಕೀಪರ್ ಹೋಗುತ್ತಿರುವ ದಿಕ್ಕಿನಿಂದ ಚೆಂಡನ್ನು ತಪ್ಪಿಸುವುದಷ್ಟೇ ಫಾರ್ವರ್ಡ್‌ನ ಕಸುಬು. ಗೋಲಿನ ಚಲನಚಿತ್ರ ಉಳಿದಿಲ್ಲವಾದ್ದರಿಂದ ಈ ಜಗಳ ಇನ್ನೂ ಜೀವಂತವಾಗಿದೆ.

ಉಳಿದ ಹೊತ್ತು ಗೋಲು ಕಾದದ್ದು ಸೇಂಟ್ ಲೂಯಿಸ್‌ನ ಫ್ರಾಂಕ್ ಬೋರ್ಗಿ, ಶವವಾಹನ ಓಡಿಸುತ್ತಿದ್ದವನು. ಪಂದ್ಯ ಮುಗಿದಾಗ ಬ್ರೆಜಿಲ್‌ನ ಜನ ಮೈದಾನಕ್ಕೆ ನುಗ್ಗಿ ಜೋನನ್ನು ಹೆಗಲ ಮೇಲೆ ಹೊತ್ತರು, ಆ ಫೋಟೋ ಇದೆ. ಆ ತಂಡ ಇದಕ್ಕೆ ಮೊದಲು ಸ್ಪೇನ್ ವಿರುದ್ಧವೂ ಕೊನೆಯ ಹತ್ತು ನಿಮಿಷದವರೆಗೆ 1-0 ಮುಂದಿತ್ತು, ಆಮೇಲೆ 3-1ಕ್ಕೆ ಸೋತಿತು. ಚಿಲಿ ಎದುರು 5-2ಕ್ಕೆ ಸೋತು ಮನೆಗೆ ಬಂತು. (ಅದೇ ವಿಶ್ವಕಪ್‌ಗೆ ಭಾರತಕ್ಕೂ ಜಾಗವಿತ್ತು, ಹೋಗಲಿಲ್ಲ. ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಆಡುತ್ತಿದ್ದ ದಿನಗಳವು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.)

ಇನ್ನೊಂದು ತಕರಾರು: ಜೋ ಅಮೆರಿಕದ ಪ್ರಜೆಯೇ ಅಲ್ಲ, ಆಡಿಸಿದ್ದು ಮೋಸ ಅನ್ನುವುದು. ಪ್ರಜೆಯಾಗಿರಲಿಲ್ಲ, ಸರಿ. ಮೆಕ್‌ಇಲ್ವೆನ್ನಿ, ಅದೇ ತಂಡದ ಜೋ ಮಾಕಾ ಕೂಡ ಆಗಿರಲಿಲ್ಲ. ಆದರೆ ಪೌರತ್ವ ಪಡೆಯುವ ಇಂಗಿತ ತಿಳಿಸಿದವರು ಆಡಬಹುದೆಂಬುದು ಆಗಿನ ಅಮೆರಿಕ ಫುಟ್‌ಬಾಲ್ ಸಂಸ್ಥೆಯ ನಿಯಮ. ಫಿಫಾ ದೂರನ್ನು ಪರಿಶೀಲಿಸಿ 1950ರ ಡಿಸೆಂಬರ್‌ನಲ್ಲಿ ತಪ್ಪಿಲ್ಲವೆಂದಿತು. ಅಲ್ಲಿಗೆ ಮುಗಿಯಿತು.

ವಿಶ್ವಕಪ್ ಆದಮೇಲೆ ಜೋ ಫ್ರಾನ್ಸಿಗೆ ಹೋಗಿ ರೇಸಿಂಗ್ ಕ್ಲಬ್ ದ ಪ್ಯಾರಿಸ್, ನಂತರ ಅಲೆಸ್ ಪರ ಆಡಿದ. ಅಲ್ಲಿ ನೆಲೆ ನಿಲ್ಲಲಾಗಲಿಲ್ಲ. ಊರಿಗೆ ಮರಳಿ 1953ರ ಡಿಸೆಂಬರ್ 27ರಂದು ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಮೆಕ್ಸಿಕೋ ಎದುರು ಹೈಟಿಯ ಅಂಗಿ ತೊಟ್ಟ, ತಂಡ 4-0ಗೆ ಸೋತಿತು. ಮುಂದೆ ಡ್ರೈಕ್ಲೀನಿಂಗ್ ಅಂಗಡಿ ನಡೆಸಿಕೊಂಡು, ಸಂಸಾರ ನೋಡಿಕೊಂಡು ಇದ್ದ.

ಅವನಿಗೆ ರಾಜಕೀಯದ ಗೊಡವೆ ಇರಲಿಲ್ಲ. ಆದರೆ 1957ರ ಚುನಾವಣೆಯಲ್ಲಿ ಅವನ ಮನೆಯವರು ಲೂಯಿ ದೆಜುವಾ ಪರ ನಿಂತಿದ್ದರು, ಗೆದ್ದದ್ದು ಫ್ರಾನ್ಸ್ವಾ ದುವಾಲಿಯೆ. 1964ರ ಜೂನ್‌ನಲ್ಲಿ ದುವಾಲಿಯೆ ತನ್ನನ್ನು ಜೀವಾವಧಿ ಅಧ್ಯಕ್ಷನೆಂದು ಸಾರಿಕೊಂಡ. ಜುಲೈ 8ರಂದು ದುವಾಲಿಯೆಯ ಖಾಸಗಿ ಸಶಸ್ತ್ರ ಪಡೆಯಾದ ತೊಂತೊನ್ ಮಕೂತ್‌ನವರು ಜೋನನ್ನು ಹಿಡಿದು ಫೋರ್ಟ್ ದಿಮಾಂಶ್ ಜೈಲಿಗೆ ಒಯ್ದರು. ವಯಸ್ಸು 40. ಅಲ್ಲಿಂದ ಅವನು ಹೊರಬರಲಿಲ್ಲ, ಶವವೂ ಮನೆಯವರ ಕೈಗೆ ಬರಲಿಲ್ಲ. 1976ರಲ್ಲಿ ಅಮೆರಿಕದ ಸಾಕರ್ ಹಾಲ್ ಆಫ್ ಫೇಮ್ ಅವನ ಹೆಸರನ್ನು ಸೇರಿಸಿಕೊಂಡಿತು.